ಅಮ್ಮನ ಮಿಷನ್ ಗುಜರಿಗೆ ಹಾಕೋ ಮುನ್ನ...

‘ಅಕ್ಕಾ, ಕಬ್ಬಿಣದ ರೇಟಿಗೆ ತಗೊಳ್ತೀನಿ’ ಅಂದ ಗುಜರಿಯವನು. ಅವನ ಕಣ್ಣು ಬಿದ್ದಿದ್ದು ಅಮ್ಮನ ಉಷಾ ಹೊಲಿಗೆ ಮಿಷನ್ ಮೇಲೆ. ಹೊಸ ಫ್ಲ್ಯಾಟಿನಲ್ಲಿ ಜಾಗ ಇಲ್ಲ ಅಂತ ತಮ್ಮ ಅದನ್ನು ನಮ್ಮ ಮನೆಗೆ ಸಾಗಹಾಕಿದ್ದ. ನಮ್ಮವರದು ಇನ್ನೊಂದು ಐಡಿಯಾ. ತಲೆ ತೆಗೆದು, ಕಾಲುಗಳ ಮೇಲೆ ಗ್ರಾನೈಟ್ ಕೂರಿಸಿದರೆ ಒಳ್ಳೇ ವಾಷ್ ಬೇಸಿನ್ ಸ್ಟ್ಯಾಂಡ್ ಆಗುತ್ತಂತೆ!

ನನಗೆ ಹೊಟ್ಟೆಯಲ್ಲಿ ಸಂಕಟ. ಅಪ್ಪನ ಸಂಬಳ ಬಾಡಿಗೆಗೂ ರೇಷನ್ನಿಗೂ ಸರಿಹೋಗುತ್ತಿತ್ತು. ನನ್ನ ಬಿ.ಎ. ಫೀಸು ಬಂದದ್ದು ಅಕ್ಕಪಕ್ಕದವರ ಬ್ಲೌಸು, ಲಂಗ, ದಿಂಬಿನ ಕವರಿನಿಂದ. ಆದರೂ ಯಾರಾದರೂ ಕೇಳಿದರೆ ‘ಸುಮ್ಮನೆ ಮನೇಲಿರ್ತೀನಿ’ ಅಂತಲೇ ಹೇಳುತ್ತಿದ್ದಳು ಅಮ್ಮ. ಅವಳ ದುಡಿಮೆಗೆ ಸಾಕ್ಷಿ ಅಂತ ಉಳಿದಿರೋದು ಇದೊಂದೇ. ಇದರ ಮೇಲೆ ಕೈ ತೊಳೆಯೋದಾ?

ಸರಿ, ನಾನೇ ರಿಪೇರಿಗೆ ಕೂತೆ. ಮೊದಲ ದಿನವೇ ಎಡವಟ್ಟು. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಟ್ಟೆ. ಎರಡು ದಿನ ಸೊಗಸಾಗಿ ಓಡಿತು. ಡಿಸೆಂಬರ್ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಚಕ್ರವೇ ತಿರುಗದು! ಮಿಷನ್ನಿಗೆ ಮಿಷನ್ ಎಣ್ಣೆಯೇ ಆಗಬೇಕು. ಮೇಲಿನ, ಪಕ್ಕದ ಪ್ರತಿ ತೂತಿಗೂ ಎರಡೆರಡು ಹನಿ ಬಿಟ್ಟು, ಚಕ್ರವನ್ನು ಬಲವಂತ ಮಾಡದೆ ಹಿಂದೆ ಮುಂದೆ ಆಡಿಸಿ, ರಾತ್ರಿಯಿಡೀ ಬಿಡಿ. ಮಾರನೇ ದಿನ ಕಪ್ಪು ಜಿಡ್ಡು ಹೊರಗೆ ಬರುತ್ತೆ. ಒರೆಸಿ, ಮತ್ತೆ ಹಾಕಿ. ನನಗೆ ಹೀಗೆ ಒಂದು ವಾರ ಹಿಡಿಯಿತು.

ಸೂಜಿಯ ಕೆಳಗಿನ ತಟ್ಟೆ ಬಿಚ್ಚಿದರೆ ವರ್ಷಗಟ್ಟಲೆಯ ನೂಲಿನ ಕಸ. ಹಳೇ ಟೂತ್‌ಬ್ರಷ್ ಸಾಕು. ಬೆಲ್ಟ್ ಸಡಿಲವಾಗಿದ್ದರೆ ಒಂದಿಷ್ಟು ಕತ್ತರಿಸಿ ಕೊಂಡಿ ಹಾಕಿ. ಇನ್ನು ಹೊಲಿಗೆ ತಪ್ಪುತ್ತಿದ್ದರೆ ಮಿಷನ್ ಹಾಳಾಗಿದೆ ಅಂದುಕೊಳ್ಳಬೇಡಿ. ಎಷ್ಟೋ ಸಲ ಸೂಜಿ ಮೊಂಡಾಗಿರುತ್ತೆ, ಇಲ್ಲವೇ ಚಪ್ಪಟೆ ಭಾಗ ತಿರುವುಮುರುವಾಗಿರುತ್ತೆ. ಬಂಗಾರ ಬಣ್ಣದ ಹೂಬಳ್ಳಿ ಇದೆಯಲ್ಲ, ಅದಕ್ಕೆ ಮಾತ್ರ ಥಿನ್ನರ್, ಸ್ಪಿರಿಟ್ ಸೋಕಿಸಲೇಬೇಡಿ. ಹೊಳಪಿನ ಜೊತೆ ಹೂವೂ ಹೋಗುತ್ತೆ. ಬೆಲ್ಟು, ಬಾಬಿನ್ ಕೇಸು, ಸೂಜಿ ಎಲ್ಲ ಸೇರಿ ನನಗೆ ಐನೂರು ರೂಪಾಯಿ ದಾಟಲಿಲ್ಲ.

ಹುಚ್ಚು ಹಿಡಿದರೆ ಬಿಡುತ್ತದೆಯೇ? ಆಮೇಲೆ ಚಿಕ್ಕಪೇಟೆಯ ಸಂಡೇ ಬಜಾರಿನಿಂದ ಕೈಯಲ್ಲಿ ತಿರುಗಿಸುವ ಒಂದು ಸಿಂಗರ್ ಕೂಡ ಮನೆಗೆ ಬಂತು. ಅದರ ನಂಬರ್ ‘ವೈ’ ಅಕ್ಷರದಿಂದ ಶುರು. ಅಂದ್ರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ, ಎರಡು ಮಹಾಯುದ್ಧಗಳ ನಡುವೆ ತಯಾರಾದದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿದೆ, ಮಿಷನ್ ಮಾತ್ರ ಓಡುತ್ತಿದೆ. ಯಂತ್ರ ಅಂದರೆ ಮುಖ ಸಿಂಡರಿಸುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು.

ಹಾಗಂತ ಹಳೇ ಸಿಂಗರಿಗೆ ಲಕ್ಷ ಸಿಗುತ್ತೆ ಅನ್ನೋ ಮಾತು ಕೇಳಿ ಮೋಸ ಹೋಗಬೇಡಿ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದರ ಸೂಜಿಯಲ್ಲಿ ‘ಕೆಂಪು ಪಾದರಸ’ ಇದೆ ಅಂತ ಸುದ್ದಿ ಹಬ್ಬಿ, ಜನ ಹುಚ್ಚುಹುಚ್ಚಾಗಿ ದುಡ್ಡು ಸುರಿದಿದ್ದರು. ಪಾದರಸವೂ ಇಲ್ಲ, ಏನೂ ಇಲ್ಲ. ಲಕ್ಷಗಟ್ಟಲೆ ತಯಾರಾದ ವಸ್ತುವಿಗೆ ಅಪರೂಪದ ಬೆಲೆ ಎಲ್ಲಿಂದ ಬರಬೇಕು?

ನನ್ನ ಪ್ರಕಾರ ಅಲಂಕಾರಕ್ಕೆ ಶೋಕೇಸಿನಲ್ಲಿ ಕೂರಿಸೋದೂ ಗುಜರಿಗೆ ಹಾಕಿದಂತೆಯೇ. ಓಡುವ ಮಿಷನ್ ಹೊಲಿಯಬೇಕು. ಹರಿದ ಯೂನಿಫಾರ್ಮಿಗೆ, ನೈಟಿ ಅಂಚಿಗೆ ಟೈಲರ್ ಹತ್ತಿರ ಹತ್ತು ಸಲ ಅಲೆಯೋ ಕರ್ಮ ನನಗಂತೂ ತಪ್ಪಿದೆ. ನಿಮ್ಮನೆ ಅಟ್ಟದಲ್ಲೂ ಒಂದು ಇರಬಹುದು, ಇಳಿಸಿ ನೋಡಿ.

ಅಮ್ಮನಿಗೆ ಈಗ ಮಂಡಿನೋವು, ಪೆಡಲ್ ತುಳಿಯೋಕಾಗಲ್ಲ. ಹಾಗಾಗಿ ಉಷಾಗೂ ಕೈ ಹಿಡಿ ಹಾಕಿಸಿದೆ. ಹೋದ ಭಾನುವಾರ ಬಂದವಳು ಹಳೇ ಸೀರೆ ತುಂಡೊಂದನ್ನು ಹೊಲಿದು, ಬೆಳಕಿಗೆ ಹಿಡಿದು ನೋಡಿ, ‘ಮೇಲಿನ ದಾರ ಸ್ವಲ್ಪ ಬಿಗಿಯಾಯ್ತು ಕಣೇ, ಸಡಿಲ ಮಾಡು’ ಅಂದಳು.