ಗಡಿಯಾರದ ಬೆನ್ನು

ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದರೂ ತಿಂಗಳಿಗೆರಡು ಬಾರಿಯಾದರೂ ಆದಿವಾಲಕ್ಕೆ ಬಂದು, ತಂದೆಯ ಹೊಲದ ಈರುಳ್ಳಿ ಮಡಿಗಳ ನಡುವೆ ಓಡಾಡದೆ ಸಮಾಧಾನ ಕಾಣದ ನನ್ನ ತಮ್ಮನ ಮಗ, ಕಳೆದ ಯುಗಾದಿಯ ಮರುದಿನ ಸಂಜೆ ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ಬಹುದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ತೋರುವ ಒಂದು ಪ್ರಶ್ನೆಯನ್ನು ಕೇಳಿದನು. “ದೊಡ್ಡಪ್ಪ, ಎರಡು ತಿಂಗಳ ಸಂಬಳ ಎತ್ತಿಟ್ಟಿದ್ದೀನಿ. ಒಂದು ಒಳ್ಳೇ ವಾಚು ತಗೋಬೇಕು. ಮದುವೆ ಮುಂಜಿಗೆ ಕಟ್ಟೋಕಲ್ಲ. ದಿನಾ ಕಟ್ಟಬೇಕು, ಹೊಲಕ್ಕೂ ಕಟ್ಟಬೇಕು, ನನ್ನ ಮಗನ ಕಾಲಕ್ಕೂ ಇರಬೇಕು. ಯಾವುದು ತಗೊಳ್ಳಲಿ?”

ಪ್ರಶ್ನೆ ಸರಳವೆಂದು ತೋರಿತು. ಆದರೆ ಅಂದು ರಾತ್ರಿ ಅದು ನನ್ನನ್ನು ನಿದ್ರಿಸಗೊಡಲಿಲ್ಲ. ನಮ್ಮ ಭಾಷೆಯಲ್ಲಿ ಅಧಿಕ ಮೌಲ್ಯದ ವಸ್ತುವನ್ನು ‘ಬೆಲೆಬಾಳುವ’ ವಸ್ತುವೆನ್ನುತ್ತೇವೆ. ಬಹುಕಾಲ ಉಳಿಯುವುದನ್ನು ‘ಬಾಳಿಕೆ ಬರುವ’ ವಸ್ತುವೆನ್ನುತ್ತೇವೆ. ಮನುಷ್ಯನು ಜೀವಿಸುವುದಕ್ಕೂ ‘ಬಾಳು’ ಎಂಬುದೇ ಮಾತು. ಮೂರೂ ಅರ್ಥಗಳನ್ನು ಒಂದೇ ಕ್ರಿಯಾಪದದಲ್ಲಿ ಹೊಂದಿಸಿಟ್ಟ ನಮ್ಮ ಹಿರಿಯರು, ಬಾಳದ ವಸ್ತುವಿಗೆ ಬೆಲೆಯೂ ಬಾಳದೆಂದು ಅನುಭವದಿಂದಲೇ ತಿಳಿದಿದ್ದವರೆಂದು ನಾನು ಭಾವಿಸುತ್ತೇನೆ. ಹಾಗಾದರೆ ಮಣಿಕಟ್ಟಿನ ಮೇಲೆ ನಿತ್ಯವೂ ಬಿಸಿಲು, ಬೆವರು, ಧೂಳುಗಳನ್ನು ಸಹಿಸಬೇಕಾದ ಒಂದು ಸೂಕ್ಷ್ಮಯಂತ್ರದಲ್ಲಿ ಬಾಳುವ ಗುಣ ಎಲ್ಲಿ ಅಡಗಿರುತ್ತದೆ? ಅಂಗಡಿಯ ದೀಪದಡಿಯಲ್ಲಿ ಹೊಳೆಯುವ ಮುಖದಲ್ಲಿ ಅದನ್ನು ಹುಡುಕುವವರೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಅದನ್ನು ಹುಡುಕಬೇಕಾದದ್ದು ಗಡಿಯಾರದ ಬೆನ್ನಿನಲ್ಲಿ.

ಆದಿವಾಲದ ನೆಲವನ್ನು ಕಂಡವರಿಗೆ ಈ ಮಾತು ಬೇಗ ಹೃದ್ಗತವಾದೀತು. ನಮ್ಮ ಊರಿರುವ ಹಿರಿಯೂರು ಸೀಮೆ ರಾಜ್ಯದ ಅತ್ಯಂತ ಒಣಪ್ರದೇಶಗಳಲ್ಲೊಂದು. ಬೇಸಗೆಯ ಮಧ್ಯಾಹ್ನಗಳಲ್ಲಿ ಹೆದ್ದಾರಿಯ ಲಾರಿಗಳು ಎಬ್ಬಿಸುವ ಧೂಳೂ ಹೊಲದ ಕೆಮ್ಮಣ್ಣಿನ ಹುಡಿಯೂ ಕೂಡಿ, ಮುಚ್ಚಿಟ್ಟ ಪೆಟ್ಟಿಗೆಯೊಳಗಿನ ಬಟ್ಟೆಯ ಮಡಿಕೆಗಳಲ್ಲಿಯೂ ಒಂದು ಸಣ್ಣ ಗೆರೆಯನ್ನು ಬಿಡದೆ ಇರುವುದಿಲ್ಲ. ಆ ಹುಡಿಯಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಎಂಬ ವಿದ್ವಾಂಸನು ಏರ್ಪಡಿಸಿದ ಕಾಠಿಣ್ಯದ ಮಾಪನದಲ್ಲಿ ಬೆಣಚಿಗೆ 7ನೆಯ ಸ್ಥಾನ. ಸಾಧಾರಣ ಗಾಜೂ ಉಕ್ಕೂ ಅದಕ್ಕಿಂತ ಕೆಳಗೆ. ಎಂದಮೇಲೆ, ಅಂಗಿಯ ತೋಳಿನಿಂದ ಗಡಿಯಾರದ ಮುಖವನ್ನು ಒರಸಿಕೊಂಡಾಗಲೆಲ್ಲ ನಾವು ಅದರ ಗಾಜನ್ನು ಮರಳುಕಾಗದದಿಂದ ಉಜ್ಜುತ್ತಿರುತ್ತೇವೆ ಎಂದೇ ಅರ್ಥ.

ಕಾಲವನ್ನಳೆಯುವ ಯಂತ್ರಕ್ಕೆ ಒಂದು ಕಣವೇ ಪರಮಶತ್ರುವೆಂಬುದು ನಮ್ಮ ದೇಶದಲ್ಲಿ ಬಲು ಹಳೆಯ ಅರಿವು. ತಳದಲ್ಲಿ ಸೂಕ್ಷ್ಮರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಒಂದು ಗಳಿಗೆ, ಅಂದರೆ ನಮ್ಮ ಇಂದಿನ ಲೆಕ್ಕದ 24 ನಿಮಿಷ, ಎಂದೆಣಿಸುತ್ತಿದ್ದ ಕಾಲದಲ್ಲಿ ಲಗ್ನದ ಮುಹೂರ್ತವನ್ನು ನಿರ್ಣಯಿಸುತ್ತಿದ್ದುದು ಆ ಗಳಿಗೆ ಬಟ್ಟಲೇ. 1150ರಲ್ಲಿ ‘ಲೀಲಾವತಿ’ಯನ್ನು ರಚಿಸಿದ ಭಾಸ್ಕರಾಚಾರ್ಯನ ಮಗಳ ಕುರಿತು ಒಂದು ಐತಿಹ್ಯವಿದೆ, 1587ರಲ್ಲಿ ಆ ಗ್ರಂಥವನ್ನು ಪಾರಸಿಗೆ ತಂದ ಫೈಜಿಯು ಅದನ್ನು ಬರೆದಿಟ್ಟಿದ್ದಾನೆ. ಮದುವೆಯ ಮುಹೂರ್ತಕ್ಕಾಗಿ ತೇಲಬಿಟ್ಟ ಬಟ್ಟಲನ್ನು ಕುತೂಹಲದಿಂದ ಬಾಗಿ ನೋಡಿದ ಹುಡುಗಿಯ ಉಡುಪಿನಿಂದ ಒಂದು ಮುತ್ತು ಕಳಚಿ ಬಿದ್ದು ರಂಧ್ರವನ್ನು ಮುಚ್ಚಿತಂತೆ. ನೀರು ಏರಲಿಲ್ಲ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮಾತ್ರ ಯಾರಿಗೂ ತಿಳಿಯದಂತೆ ಮೀರಿಹೋಯಿತು. ಕಥೆ ನಿಜವೋ ಸುಳ್ಳೋ, ಅದನ್ನು ಕಟ್ಟಿದವನು ಯಂತ್ರದ ಸ್ವಭಾವವನ್ನು ಬಲ್ಲವನಾಗಿದ್ದನು. ಅಮೂಲ್ಯವಾದ ಮುತ್ತೇ ಆದರೂ ಇರಬಾರದೆಡೆಯಲ್ಲಿ ಬಿದ್ದರೆ ಅದು ಬರಿಯ ಧೂಳಿನ ಕಣವೇ ಸರಿ.

ನನ್ನ ಕೈಯ ಮೇಲೆ ನಲವತ್ತು ವರ್ಷಗಳಿಂದಲೂ ಇರುವುದು ಎಚ್‌ಎಂಟಿಯ ಜನತಾ ಗಡಿಯಾರ. 1953ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಕೈಗಡಿಯಾರಗಳ ತಯಾರಿಕೆಗೆ ತೊಡಗಿದಾಗ, ಅದುವರೆಗೆ ಫಾವ್ರ್ ಲೂಬಾ, ವೆಸ್ಟ್ ಎಂಡ್ ಮೊದಲಾದ ಪರದೇಶದ ಹೆಸರುಗಳನ್ನು ಸಿರಿವಂತರ ಮನೆಗಳಲ್ಲಿ ಮಾತ್ರ ಕೇಳಿದ್ದ ನಮ್ಮ ಸೀಮೆಯ ಶಾಲಾಮಾಸ್ತರರೂ ಶಾನುಭೋಗರೂ ಮಗನ ಉಪಾಧ್ಯಾಯ ವೃತ್ತಿಯ ಮೊದಲ ಸಂಬಳದಲ್ಲೋ ಅಳಿಯನಿಗೆ ಕೊಡುವ ಉಡುಗೊರೆಯ ರೂಪದಲ್ಲೋ ಅಂಥದೊಂದನ್ನು ಕಾಣುವಂತಾಯಿತು. ‘ದೇಶದ ಸಮಯಪಾಲಕರು’ ಎಂದು ಆ ಸಂಸ್ಥೆ ತನ್ನನ್ನು ಕರೆದುಕೊಂಡದ್ದು ಅತಿಶಯೋಕ್ತಿಯಾಗಿರಲಿಲ್ಲ. ಹದಿನೇಳು ರತ್ನಗಳ, ಪ್ರತಿ ಬೆಳಗೂ ಕೀಲಿ ಕೊಡಬೇಕಾದ ಆ ಯಂತ್ರದ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ ಬಡಿಯುತ್ತದೆ. ಒಂದು ಅಹೋರಾತ್ರಿಗೆ 4,32,000 ಬಡಿತ. ಪಂಚಾಂಗ ಓದಿದವರಿಗೆ ಆ ಸಂಖ್ಯೆ ಅಪರಿಚಿತವಲ್ಲ: ಕಲಿಯುಗದ ವರ್ಷಗಳೂ ಅಷ್ಟೇ. ಯಾರೂ ಉದ್ದೇಶಿಸದ ಈ ಹೊಂದಾಣಿಕೆಯನ್ನು ನಾನು ಮೊದಲು ಲೆಕ್ಕ ಹಾಕಿ ಕಂಡ ರಾತ್ರಿ, ಒಂದು ಯುಗವೇ ನನ್ನ ನಾಡಿಯ ಪಕ್ಕದಲ್ಲಿ ಕುಳಿತು ದಿನಕ್ಕೊಮ್ಮೆ ಮುಗಿಯುತ್ತಿರುವಂತೆ ತೋರಿ, ನಾನು ಬಹುಹೊತ್ತು ಕಿವಿಗೆ ಅದನ್ನು ಹಿಡಿದುಕೊಂಡೇ ಇದ್ದೆ.

ಆ ಗಡಿಯಾರದ ಬಾಳು ಅದರ ಉಕ್ಕಿನ ಗಟ್ಟಿತನದಿಂದಷ್ಟೇ ಬಂದದ್ದಲ್ಲ. ಅದರ ಗಾಜು ಅಕ್ರಿಲಿಕ್. ಧೂಳಿಗೆ ಬಲುಬೇಗ ಗೀರು ಬೀಳುತ್ತದೆ. ಬೆಂಕಿಪೊಟ್ಟಣದಷ್ಟಗಲದ ಮೇಜಿನ ಮುಂದೆ ಕಣ್ಣಿಗೆ ಭೂತಕನ್ನಡಿಯನ್ನು ಸಿಕ್ಕಿಸಿಕೊಂಡು ಕುಳಿತ ಪೇಟೆಯ ಗಡಿಯಾರ ರಿಪೇರಿಯವನು ಅದನ್ನು ಹತ್ತು ನಿಮಿಷದಲ್ಲಿ ಉಜ್ಜಿ ತಿಳಿಗೊಳಿಸಬಲ್ಲನು, ಇಲ್ಲವೆ ಬೇರೊಂದನ್ನು ಕೂರಿಸಬಲ್ಲನು. ಬೆನ್ನಿನ ಮುಚ್ಚಳವನ್ನು ತೆಗೆದು, ಒಣಗಿದ ಎಣ್ಣೆಯನ್ನು ತೊಳೆದು, ಹೊಸ ಎಣ್ಣೆಯ ಬಿಂದುವನ್ನು ಸೂಜಿಮೊನೆಯಿಂದ ಇಟ್ಟು ಮತ್ತೆ ಮುಚ್ಚಬಲ್ಲನು. ಯಂತ್ರ ತೆರೆದುಕೊಳ್ಳುತ್ತಿತ್ತು, ತೆರೆಯಬಲ್ಲವರೂ ಊರಲ್ಲೇ ಇದ್ದರು. ಇಂದು ಜಾಲಹಳ್ಳಿಯ ಆ ಗಡಿಯಾರ ಕಾರ್ಖಾನೆ ಮುಚ್ಚಿಹೋಗಿದೆ. ತುಮಕೂರಿನಲ್ಲಿದ್ದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಯ ಕೈಸೇರಿದೆ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಂದು ನನಗೆ ಬಂಧುವಿಯೋಗವಾದಂತಾಯಿತು. ಆದರೂ ನನ್ನ ಜನತಾ ನಡೆಯುತ್ತಿದೆ. ಕಾರ್ಖಾನೆ ಹೋದಮೇಲೂ ಅದು ಉಳಿದುದಕ್ಕೆ ತೆರೆಯಬಲ್ಲ ಅದರ ಬೆನ್ನೇ ಕಾರಣ.

ಇದಕ್ಕೆ ವಿರುದ್ಧವಾದ ಅನುಭವವನ್ನೂ ಹೇಳಬೇಕು. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ, ಎಂಬತ್ತೊಂಬತ್ತು ವರ್ಷ ಕಾದಿದ್ದ ಸೀಮೆಯ ಜನವೆಲ್ಲ ಹಬ್ಬದಂತೆ ಅಲ್ಲಿಗೆ ಹರಿದುಬಂದಿತು. ಇದೇ ಹುಡುಗನೂ ಬಂದು, ವೇದಾವತಿಯ ನೀರನ್ನು ಬೊಗಸೆಯಲ್ಲೆತ್ತಿ ತಲೆಯ ಮೇಲೆ ಸುರಿದುಕೊಂಡನು. ಮರುದಿನ ಅವನ ಕೈಯಲ್ಲಿದ್ದ ದುಬಾರಿ ಗಡಿಯಾರದ ಗಾಜಿನೊಳಗೆ ಮಂಜು ಕವಿದಿತ್ತು. ‘30 ಮೀಟರ್’ ಎಂದು ಅದರ ಬೆನ್ನಿನ ಮೇಲೆ ಕೆತ್ತಿತ್ತಲ್ಲ, ಬೊಗಸೆಯ ನೀರು ಹೇಗೆ ಹೊಕ್ಕಿತು ಎಂದು ಅವನು ದುಃಖಪಟ್ಟನು. ಆ ಅಂಕೆ ಪರೀಕ್ಷಾಲಯದ ನಿಶ್ಚಲ ಒತ್ತಡವನ್ನು ಸೂಚಿಸುವುದೇ ಹೊರತು ಮೂವತ್ತು ಮೀಟರ್ ಆಳಕ್ಕಿಳಿಯಲು ಕೊಟ್ಟ ಅನುಮತಿಯಲ್ಲ. ಕೈತೊಳೆಯುವಾಗ ಸಿಡಿಯುವ ಹನಿಗಳಿಗೆ ಅಷ್ಟು ಸಾಕು, ಈಜುವವನಿಗೆ 100 ಮೀಟರ್ ಆದರೂ ಬೇಕು. ಆದರೆ ಅಂದಿನ ಅನರ್ಥಕ್ಕೆ ಕಾರಣ ಬೇರೆಯೇ ಇತ್ತು. ಆರು ತಿಂಗಳ ಹಿಂದೆ ಯಾವುದೋ ಅಂಗಡಿಯಲ್ಲಿ ಸೆಲ್ ಬದಲಿಸಿದವನು ಬೆನ್ನಿನ ಮುಚ್ಚಳದ ಕೆಳಗಿನ ರಬ್ಬರ್ ಉಂಗುರವನ್ನು ಓರೆಯಾಗಿ ಕೂರಿಸಿದ್ದನು. ಬೆವರಿಗೆ ಗಡುಸಾಗುವ, ವರ್ಷಗಳು ಕಳೆದಂತೆ ಸೀಳುವ, ಕಾಸಿನ ಬೆಲೆಯ ಆ ಉಂಗುರ ತನ್ನ ಸ್ಥಾನದಲ್ಲಿಲ್ಲದಿದ್ದರೆ ಸ್ವರ್ಣಲೇಪಿತ ಒಡಲಾಗಲಿ ಖ್ಯಾತ ನಾಮಧೇಯವಾಗಲಿ ಒಳಗಿನ ಯಂತ್ರವನ್ನು ಕಾಪಾಡಲಾರದು. ಸ್ವಿಟ್ಜರ್ಲೆಂಡಿನ ರೋಲೆಕ್ಸ್ ಸಂಸ್ಥೆ 1926ರಲ್ಲಿ ತಿರುಪಿನಿಂದ ಬಿಗಿಯುವ ಬೆನ್ನೂ ಕೀಲಿಯೂ ಉಳ್ಳ ಆಯ್‌ಸ್ಟರ್ ಒಡಲನ್ನು ಹೊರತಂದು, ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಇಂಗ್ಲಿಷ್ ಕಡಲ್ಗಾಲುವೆಯ ಕೊರೆಯುವ ನೀರಿನಲ್ಲಿ ಹತ್ತು ಗಂಟೆಗೂ ಮಿಕ್ಕಿ ಅದನ್ನು ಧರಿಸಿದ್ದಾಗ, ಅಲ್ಲಿ ಗೆದ್ದದ್ದು ಈ ಬಿಗಿಯೇ.

ಆದಕಾರಣ ನಾನು ಅವನಿಗೆ ಹೇಳಿದ್ದಿಷ್ಟು. ಮುಖದ ಗಾಜು ಕೃತಕ ನೀಲಮಣಿಯದಾಗಿರಲಿ. ಅದರ ಕಾಠಿಣ್ಯ 9, ನಮ್ಮ ಹೊಲದ ಬೆಣಚಿನ ಹುಡಿ ಅದರ ಮೇಲೆ ಗೆರೆಯೆಳೆಯಲಾರದು. ಬಲವಾದ ಪೆಟ್ಟಿಗೆ ಅದು ಒಡೆಯಬಹುದೆಂಬುದನ್ನು ಮರೆಯತಕ್ಕದ್ದಲ್ಲ. 1969ರಲ್ಲಿ ಚಂದ್ರನ ಮೇಲೆ ನಡೆದ ಆಲ್ಡ್ರಿನ್ನನ ಒಮೆಗಾ ಗಡಿಯಾರಕ್ಕೆ ಅಕ್ರಿಲಿಕ್ ಗಾಜೇ ಇತ್ತು, ಅದು ಬಿರಿದರೂ ಚೂರುಚೂರಾಗಿ ಸಿಡಿಯದೆಂಬ ಕಾರಣಕ್ಕೆ. ಆದರೆ ಚಂದ್ರನ ಅಗತ್ಯ ಬೇರೆ, ಆದಿವಾಲದ ಅಗತ್ಯ ಬೇರೆ. ಒಡಲು ತುಕ್ಕುಹಿಡಿಯದ ಉಕ್ಕಿನದಾಗಲಿ. ಚಿನ್ನದ ಲೇಪ ಬೆವರಿನ ಉಪ್ಪಿಗೆ ಸಿಕ್ಕಿ ಮೂಲೆಗಳಲ್ಲಿ ಸವೆದು, ಒಳಗಿನ ಬಿಳಿಯ ಲೋಹ ಇಣುಕಿದಾಗ ಅದರ ಸಿರಿ ಅಲ್ಲಿಗೆ ಮುಗಿಯುತ್ತದೆ. ಸೆಲ್ಲಿನ ಯಂತ್ರವನ್ನು ನಾನು ಹೀಗಳೆಯುವುದಿಲ್ಲ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕಕ್ಕೆ ನಿಖರತೆಯಲ್ಲಿ ಯಾವ ಕೀಲಿಯ ಗಡಿಯಾರವೂ ಸಮನಲ್ಲ. ನಮ್ಮ ಗಡಿಯಾಚೆ, ಕನ್ನಡಿಗರು ಬಹಳವಾಗಿರುವ ಹೊಸೂರಿನಲ್ಲಿ ಕಾರ್ಖಾನೆ ಕಟ್ಟಿದ ಟೈಟನ್ ಸಂಸ್ಥೆ 2002ರಲ್ಲಿ ಕೇವಲ 1.15 ಮಿಲಿಮೀಟರ್ ದಪ್ಪದ ಅಂಥ ಯಂತ್ರವನ್ನು ನೀರುತಡೆಯುವ ಒಡಲಲ್ಲಿ ಕೂರಿಸಿದಾಗ, ನನಗೆ ಸ್ವದೇಶದ ಕೈಚಳಕದ ಬಗ್ಗೆ ಹೆಮ್ಮೆಯುಂಟಾಯಿತು. ಆದರೆ ಅಂಥ ಯಂತ್ರದ ವಿದ್ಯುತ್ ಫಲಕ ಮೂವತ್ತು ವರ್ಷದ ಮೇಲೆ ಕೆಟ್ಟರೆ ಅದನ್ನು ದುರಸ್ತಿಮಾಡುವುದಿಲ್ಲ, ಬದಲಿಸುತ್ತಾರೆ; ಬದಲಿ ದೊರೆಯದಿದ್ದರೆ ಮುಗಿಯಿತು. ಚಕ್ರಗಳಿಂದಲೂ ಸುರುಳಿಯಿಂದಲೂ ನಡೆಯುವ ಯಂತ್ರದಲ್ಲಿ ಸವೆದ ಒಂದು ಅಚ್ಚನ್ನು ಬಲ್ಲವನು ಹೊಸದಾಗಿ ಕಡೆದು ಕೊಡಬಹುದು. ಮಗನ ಕಾಲಕ್ಕೂ ಇರಬೇಕೆಂದು ಅವನೇ ಕೇಳಿದುದರಿಂದ ನನ್ನ ತೂಕ ಆ ಕಡೆಗೆ ಬಿತ್ತು.

ಇನ್ನೊಂದು ಮಾತನ್ನು ನಾನು ಒತ್ತಿ ಹೇಳಿದೆ. ಅನೇಕ ಸ್ವಿಸ್ ಸಂಸ್ಥೆಗಳು ತಮ್ಮ ಬಿಡಿಭಾಗಗಳನ್ನು ಅಧಿಕೃತ ಕಾರ್ಯಾಗಾರಗಳ ಹೊರಗೆ ಕೊಡುವುದಿಲ್ಲ. ಎಷ್ಟೇ ಉತ್ತಮವಾದ ಗಡಿಯಾರವಾದರೂ ಅದರ ಬೆನ್ನನ್ನು ತೆರೆಯುವ ಹಕ್ಕು ಮಾರಿದವನ ಬಳಿಯೇ ಉಳಿದರೆ ಕೊಂಡವನು ಅದಕ್ಕೆ ಪೂರ್ಣ ಒಡೆಯನಾಗುವುದಿಲ್ಲ. ಈ ನೀತಿಯನ್ನು ನಾನು ಅನ್ಯಾಯವೆಂದೇ ತಿಳಿಯುತ್ತೇನೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬೀದಿಗಳಲ್ಲಿ ಚಿಮುಟ ಹಿಡಿದು ಕುಳಿತಿದ್ದ ಕುಶಲರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿ, ಮೊಬೈಲಿನ ಗಾಜು ಬದಲಿಸುವ ಕೆಲಸಕ್ಕೆ ತಿರುಗುತ್ತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ನಂಬಿಕೆ. ಬಿಡಿಭಾಗ ಸುಲಭವಾಗಿ ದೊರೆಯುವ, ಬಹುಮಂದಿ ತಯಾರಕರು ಬಳಸುವ ಸಾಧಾರಣ ಯಂತ್ರವನ್ನು ಒಳಗಿಟ್ಟ ಗಡಿಯಾರವೇ ಈ ದೃಷ್ಟಿಯಿಂದ ಹೆಚ್ಚು ಕಾಲ ನಡೆದೀತು. ಯಂತ್ರದ ಸೊಬಗು ಕಾಣಲೆಂದು ಬೆನ್ನಿಗೂ ಗಾಜು ಕೂರಿಸುವ ಈಗಿನ ಪದ್ಧತಿಯೂ ನಿತ್ಯೋಪಯೋಗಕ್ಕೆ ನನಗೆ ಒಪ್ಪಿಗೆಯಿಲ್ಲ: ಇನ್ನೊಂದು ಗಾಜೆಂದರೆ ಇನ್ನೊಂದು ಸಂದು, ಇನ್ನೊಂದು ಸಂದೆಂದರೆ ಧೂಳಿಗೆ ಇನ್ನೊಂದು ಬಾಗಿಲು.

ಹುಡುಗನು ಮುಂದಿನ ತಿಂಗಳು ಬೆಂಗಳೂರಿನ ಅಂಗಡಿಗೆ ಹೋಗಿ, ಮಖಮಲ್ಲಿನ ತಟ್ಟೆಯ ಮೇಲೆ ಇಟ್ಟ ಗಡಿಯಾರಗಳನ್ನು ಒಂದೊಂದಾಗಿ ಬೋರಲು ಮಗುಚಿ ನೋಡತೊಡಗಿದನಂತೆ. ಮಾರುವವನು ಬೆಲೆಪಟ್ಟಿ ಹುಡುಕುತ್ತಿದ್ದಾನೆಂದು ಭಾವಿಸಿ ಅದನ್ನು ತಂದುಕೊಟ್ಟನಂತೆ. ಕೊನೆಗೆ ಅವನು ಆರಿಸಿದ್ದು ಉಕ್ಕಿನ ಒಡಲಿನ, ತಿರುಪಿನ ಗಟ್ಟಿ ಬೆನ್ನಿನ, 100 ಮೀಟರಿನ ಒಂದು ತಾನೇ ಕೀಲಿಕೊಟ್ಟುಕೊಳ್ಳುವ ಗಡಿಯಾರವನ್ನು. ಎತ್ತಿಟ್ಟ ಹಣದಲ್ಲಿ ಅರ್ಧ ಅವನಲ್ಲಿಯೇ ಉಳಿಯಿತು. ಕಳೆದ ಭಾನುವಾರ ಹೊಲದಲ್ಲಿ ಈರುಳ್ಳಿ ಚೀಲಗಳನ್ನು ಟ್ರ್ಯಾಕ್ಟರಿಗೆ ಏರಿಸಿ ಬಂದವನು, ಹಿತ್ತಲಿನ ನಲ್ಲಿಯಡಿಯಲ್ಲಿ ಮೊಣಕೈವರೆಗೆ ಮೆತ್ತಿದ್ದ ಕೆಮ್ಮಣ್ಣನ್ನು ತೊಳೆಯುತ್ತ, ಮೊದಲು ಕೀಲಿಯ ತಿರುಪು ಬಿಗಿಯಾಗಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಆಮೇಲೆ ಗಡಿಯಾರವನ್ನೂ ಕೈಯೊಡನೆ ನೀರಿಗೊಡ್ಡಿದನು.