ಶ್ರಮಕ್ಕೂ ಅಳತೆ ಬೇಡವೇ?

"ಎಲ್ಲ ಕಾಯಕವೂ ಸಮ, ಆದ್ದರಿಂದ ಎಲ್ಲಕ್ಕೂ ಸಮ ಶ್ರಮ" ಎನ್ನುವ ವಾದ ನಮ್ಮಲ್ಲಿದೆ. ಇದು ತಪ್ಪು. ಶರಣರು ಸಮವೆಂದದ್ದು ಕಾಯಕದ ಗೌರವವನ್ನು, ಅದಕ್ಕೆ ಬೇಕಾದ ಶ್ರಮವನ್ನಲ್ಲ. ಮಾರಯ್ಯನವರು ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರಿಗೆ ಅಳತೆ ಗೊತ್ತಿತ್ತು.

ಎಂಜಿನಿಯರನಾಗಿ ಹೇಳುತ್ತೇನೆ: ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸದಿದ್ದರೆ, ಎಷ್ಟು ಬಣ್ಣ ಬಳಿದರೂ ಬಲ ಬಾರದು. ನಾವೋ, ಸಮಾವೇಶದ ವೇದಿಕೆಗೆ, ಹಾರಕ್ಕೆ ತಿಂಗಳುಗಟ್ಟಲೆ ಓಡಾಡುತ್ತೇವೆ. ದಾಸೋಹದ ನೀರಿನ ತೊಟ್ಟಿ ತೊಳೆಯಲು ಅರ್ಧ ದಿನ ಸಿಗದು. ಹಾರ ಬಾಡಿದರೆ ಯಾರಿಗೂ ಕೇಡಿಲ್ಲ. ನೀರು ಕೆಟ್ಟರೆ ಪ್ರಸಾದಕ್ಕೆ ಬಂದ ಮಕ್ಕಳು ಹಾಸಿಗೆ ಹಿಡಿಯುತ್ತಾರೆ.

ಯಾರು ನೋಡುತ್ತಾರೆಂದಲ್ಲ, ಕೆಟ್ಟರೆ ಯಾರು ನೋಯುತ್ತಾರೆಂದು ಕೇಳಿ ಶ್ರಮ ಹಂಚಿ. ತೋರಿಕೆಗೆ ಸುರಿಸಿದ ಬೆವರು ಕಾಯಕವಲ್ಲ.