ಮನಿ ಫೋಟೋದಾಗ ಅವ್ವ ಎಲ್ಲಿ?

ನಮ್ಮ ಅವ್ವ ತೀರಿಕೊಂಡಾಗ ಮಾಲಿ ಹಾಕಾಕ ಒಂದು ಫೋಟೋ ಬೇಕಾತು. ತವರುಮನಿ ಟ್ರಂಕು, ಕಪಾಟು, ಎಲ್ಲಾರ ಮೊಬೈಲು ಹುಡುಕಿದಿವಿ. ಮದುವಿ ಆಲ್ಬಂದಾಗ ಆಕಿ ಬೆನ್ನು ಇತ್ತು. ಜಾವಳದ ಫೋಟೋದಾಗ ಆಕಿ ಕೈ ಇತ್ತು. ಮುಖ ಸಿಕ್ಕಿದ್ದು ಆಧಾರ್ ಕಾರ್ಡಿನಾಗ ಅಷ್ಟ. ಅದನ್ನ ಸ್ಟುಡಿಯೋದಾಗ ದೊಡ್ಡದು ಮಾಡಿ, ಯಾರದೋ ರೇಷ್ಮಿ ಸೀರಿ ಅಂಟಿಸಿ, ಮುಖ ಬೆಳ್ಳಗ ತಿದ್ದಿ ಕೊಟ್ರು. ಗೋಡಿಗೆ ಹಾಕಿದಿವಿ. ನನ್ನ ಮಗಳು ನೋಡಿ, "ಯವ್ವಾ, ಇವರ್ಯಾರು?" ಅಂದ್ಲು.

ಆ ಮಾತು ತಡಿಲಾರದ ನಾ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡೆ. ಇಲ್ಲಿ ಮರಳ್ಯಾಗ, ಗಂಡನ ಮನ್ಯಾಗ, ಯುಗಾದಿ ದಿನ ಮನಿಮಂದಿ ಫೋಟೋ ತಗಿಯೂದು ಅಂತ ಮೊದಲನೇ ಸಲ ನಿಂತೆ. ನಡುಮಧ್ಯಾಹ್ನ, ಅಂಗಳ, ಹಿಂದ ಸುಣ್ಣ ಹಚ್ಚಿದ ಗೋಡಿ. ಮಾವನವರು ಕುರ್ಚಿ ಮ್ಯಾಲ, ಮೈದುನರು ಹಿಂದ, ಹುಡುಗರು ಕೆಳಗ. "ನಗ್ರಿ" ಅಂದೆ. ಎಲ್ಲಾರೂ ಉಸಿರು ಹಿಡದು ಸೆಟದು ನಿಂತ್ರು. ಅರವತ್ತರ ಮ್ಯಾಲ ತಗದೆ. ರಾತ್ರಿ ನೋಡಿದ್ರ ಕಣ್ಣಿನ ಕುಣಿಯಾಗೆಲ್ಲಾ ಕರೀ ನೆರಳು, ಮುಖ ಎಲ್ಲಾ ಮಸಿ. ಅದು ಹೋಗ್ಲಿ ಬಿಡ್ರಿ. ನಮ್ಮ ಅತ್ತಿಯವರು ಎಷ್ಟರಾಗ ಇದ್ರು? ಎರಡರಾಗ. ಒಂದರಾಗ ಬಾಗಲ ಸಂದಿಯಾಗ ಸೆರಗು, ಇನ್ನೊಂದರಾಗ ಹೋಳಿಗಿ ತಾಟು ಹಿಡದ ಕೈ. ಅವ್ವನ ಫೋಟೋ ಇಲ್ಲಂತ ಅತ್ತ ನಾನ, ಅತ್ತಿಯವರಿಗೂ ಅದನ್ನ ಮಾಡಿದ್ದೆ!

ಅದಕ್ಕ ಹೇಳ್ತೀನಿ. ನಾವು ಮನಿ ಫೋಟೋ ಅಂತ ಕರಿಯೂದು ಮನಿ ಫೋಟೋ ಅಲ್ಲ. ಆ ಹೊತ್ತಿಗೆ ಯಾರಿಗೆ ಕೆಲಸ ಇರಲಿಲ್ಲೋ ಅವರ ಫೋಟೋ. ಹಬ್ಬ ಮಾಡಿದಾಕಿ ಒಲಿ ಮುಂದ, ಹಬ್ಬ ಉಂಡವರು ಕ್ಯಾಮೆರಾ ಮುಂದ.

"ಅವರ ಒಲ್ಲೆ ಅಂತಾರಲ್ಲ" ಅಂತ ಮೈದುನ ವಾದ ಹಾಕಿದ. ಹೌದು, ಅಂತಾರ. "ಸೀರಿ ಹೊಲಸಾಗೇತಿ, ತಲಿ ಹಿಕ್ಕೊಂಡಿಲ್ಲ, ನಂದೇನು ತಗಿತಿ" ಅಂತಾರ. ಇಸ್ತ್ರಿ ಮಾಡಿದ ಸೀರಿ, ಬಂಗಾರ ಇದ್ರ ಅಷ್ಟ ಫೋಟೋಕ್ಕ ಲಾಯಕ್ಕು ಅಂತ ಅವರಿಗೆ ಕಲಿಸಿದವರು ಯಾರು? ನಾವ. ನಿಜಕ್ಕೂ ಬ್ಯಾಡ ಅಂದಾರೋ, ಯಾರೂ ಎರಡನೇ ಸಲ ಕೇಳಂಗಿಲ್ಲ ಅಂತ ಅಂದಾರೋ, ಅದನ್ನ ಕುಂತು ಕೇಳಬೇಕು. ಕೇಳಿದ ಮ್ಯಾಲೂ ಬ್ಯಾಡ ಅಂದ್ರ ಕ್ಯಾಮೆರಾ ಕೆಳಗ ಇಡಬೇಕು. ಆದ್ರ ನಾವು ಕೇಳೇ ಇಲ್ಲ.

ಇನ್ನೊಂದು ಜಗಳ ಬಣ್ಣದ್ದು. "ಕರ್ರಗ ಬಂದೀವಿ, ಬೆಳ್ಳಗ ಮಾಡು" ಅಂತ ಎಲ್ಲಾರೂ ಗಂಟುಬಿದ್ರು. ತಪ್ಪು ಮುಖದ್ದಲ್ರಿ, ನಂದು. ಕ್ಯಾಮೆರಾ ಮುಂದಿನ ಬೆಳಕನ್ನೆಲ್ಲಾ ಕೂಡಿಸಿ ಸರಾಸರಿ ಲೆಕ್ಕ ಹಾಕತೈತಿ. ಬಿಳೀ ಗೋಡಿ, ಬಿಳೀ ಧೋತರ ಕಂಡ ಕೂಡಲೆ ಬೆಳಕು ಭಾಳ ಆತು ಅಂತ ತಿಳಕೊಂಡು ಎಲ್ಲಾ ಮಬ್ಬು ಮಾಡತೈತಿ. ಗೋಡಿ ಬಿಟ್ಟು ಮುಖದ ಬೆಳಕು ಅಳದು, ಎಕ್ಸ್‌ಪೋಜರ್ ಒಂದು ಮೆಟ್ಟಲ ಏರಿಸಿದ್ರ ಮುಗೀತು. ಮೊಬೈಲಿನಾಗ ಆದ್ರ ಪರದೆ ಮ್ಯಾಲೆ ಮುಖದ ಮ್ಯಾಲ ಬಟ್ಟು ಒತ್ತಿದ್ರ ಸಾಕು. ಇಷ್ಟು ಕಲಿಯೂದು ಬಿಟ್ಟು, ಬಿಸಲಾಗ ಭತ್ತ ನಾಟಿ ಮಾಡಿದ ಮುಖಕ್ಕ ಸುಣ್ಣ ಬಳಿದಂಗ ಫಿಲ್ಟರ್ ಹಾಕೂದು ಸುಧಾರಣೆ ಅಲ್ಲ, ಅವಮಾನ.

ಇಲ್ಲಿಂದ ಹೊಳಿ ದಾಟಿದ್ರ ಹಂಪಿ. 1856ರಾಗ ಅಲೆಗ್ಸಾಂಡರ್ ಗ್ರೀನ್‌ಲಾ ಅನ್ನೋ ಮದ್ರಾಸ್ ಸೈನ್ಯದ ಅಧಿಕಾರಿ ಅಲ್ಲಿ ಫೋಟೋ ತಗದ. ಅವನೂ ಹವ್ಯಾಸಿನ. ಮೇಣ ಹಚ್ಚಿದ ಕಾಗದದ ನೆಗೆಟಿವ್ ಹಿಡಕೊಂಡು ಆ ಕಲ್ಲುಗಳ ಮುಂದ ಅಷ್ಟು ಕಷ್ಟಪಟ್ಟ. ಅವು ಇವತ್ತಿಗೂ ಅದಾವು. ಹಾಳಾದ ಗುಡಿ ಕಂಬಕ್ಕ ಆಗಿನ ಕಾಲದ ಫೋಟೋ ಐತಿ, ಕೈಯಾಗ ಮೊಬೈಲ್ ಹಿಡಕೊಂಡ ಮಕ್ಕಳಿದ್ದ ನಮ್ಮ ಅವ್ವಗ ಇಲ್ಲ. ಯಾರ ಮ್ಯಾಲ ಸಿಟ್ಟು ಮಾಡೂನು?

"ಮನಿ ಕೆಲಸ ಬಿಟ್ಟು ಸೊಸಿ ಕ್ಯಾಮೆರಾ ಹಿಡದಾಳ" ಅನ್ನೋರಿಗೂ ಒಂದು ಮಾತು. ಇಂಗ್ಲೆಂಡಿನ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್‌ಗೆ 1863ರಾಗ ಮಗಳು ಅಳಿಯ ಕ್ಯಾಮೆರಾ ಕೊಟ್ಟಾಗ ಆಕಿಗೆ ನಲವತ್ತೆಂಟು ವರ್ಷ. ಇದ್ದಲಿ ಕ್ವಾಣಿಯನ್ನ ಕತ್ತಲೆ ಕ್ವಾಣಿ ಮಾಡಿಕೊಂಡ್ಲು, ಕೋಳಿ ಮನಿಯನ್ನ ಸ್ಟುಡಿಯೋ ಮಾಡಿಕೊಂಡ್ಲು. ಮನಿ ಮಂದಿ, ಮನಿಗೆಲಸದ ಹುಡುಗಿಯರನ್ನೂ ಕೂಡ್ರಿಸಿ ತಗದ್ಲು. ಆಕಿ ಫೋಟೋ ಎಷ್ಟೋ ಮಬ್ಬು ಬಂದಾವು. ಆದ್ರೂ ಜಗತ್ತು ಇಟ್ಟುಕೊಂಡೈತಿ.

ನಾನೂ ಇನ್ನೊಮ್ಮೆ ತಗದೆ. ಇಳಿಹೊತ್ತು, ಪಡಸಾಲಿ ಬಾಗಲದಾಗ, ನೆರಳಿನ ಬೆಳಕಿನಾಗ. ಅತ್ತಿಯವರು ಮರದಾಗ ಅಕ್ಕಿ ಹಸನ ಮಾಡಾಕತ್ತಿದ್ರು. ಕೇಳಿದೆ. "ತಗಿ, ಆದ್ರ ನಗು ಅನಬ್ಯಾಡ" ಅಂದ್ರು. ನಾನೂ ಕುಂತೆ, ಅಕ್ಕಿಯಾಗಿನ ಕಲ್ಲು ಆರಿಸಿಕೋತ ಮಾತಾಡಿದಿವಿ, ನಡುನಡುವ ತಗದೆ. ಪ್ರಿಂಟ್ ಹಾಕಿಸಿ ಕೊಟ್ಟೆ. ಭಾಳೊತ್ತು ನೋಡಿದ್ರು. "ಕೈ ಇಷ್ಟು ಸುಕ್ಕ ಆಗ್ಯಾವೇನು" ಅಂದ್ರು. ಆಮ್ಯಾಲ ಸಣ್ಣ ದನಿಲೆ, "ಇನ್ನೊಂದು ಹಾಕಿಸಿ ಕೊಡವಾ, ನಮ್ಮ ಅಣ್ಣಗ ಕಳಸ್ತೀನಿ" ಅಂದ್ರು. ಬ್ಯಾಡ ಅಂತಿದ್ದವರು ಇವರ ಏನು?

ಇದನ್ನ ಓದಿದ ಮ್ಯಾಲ ನಿಮ್ಮ ಮೊಬೈಲ್ ತಗೀರಿ. ಕಳೆದ ಹಬ್ಬದ ಫೋಟೋ ನೋಡ್ರಿ. ಅವ್ವ ಎಷ್ಟರಾಗ ಅದಾಳ, ಎಣಿಸ್ರಿ. ಬೆನ್ನು, ಕೈ, ಸೆರಗು ಲೆಕ್ಕಕ್ಕ ಹಿಡಿಬ್ಯಾಡ್ರಿ. ಕಡಿಮಿ ಬಿದ್ರ ಸುಮ್ಮನ ಕುಂಡ್ರಬ್ಯಾಡ್ರಿ. ಲಟ್ಟಣಿಗಿ ಆಕಿ ಕೈಯಿಂದ ಇಸಗೊಂಡು ನಾಕು ಹೋಳಿಗಿ ನೀವು ಲಟ್ಟಿಸ್ರಿ. ಹರದ್ರ ಹರೀಲಿ. ಆಕಿ ಹೊರಗ ಬಂದು ಕುಂಡ್ರಲಿ.